ಮೂಗಿನ ಸಾಕ್ಷಿ

ದೇವರು ನನಗೆ ಕೊಟ್ಟ ಅವಯವಗಳಲ್ಲಿ ನಾನು ಹೆಮ್ಮೆಪಡಬಹುದಾದದ್ದು ಒಂದೇ. ಅದು ನನ್ನ ಮೂಗು. ನೋಟಕ್ಕೆ ಅದೇನೂ ಸಂಪಿಗೆಯ ಎಸಳಲ್ಲ. ಹೆಣ್ಣು ನೋಡಲು ಹೋದಾಗ ಆ ಮನೆಯ ಹಿರಿಯರೊಬ್ಬರು ಅದರ ವಿಷಯವಾಗಿ ಸ್ವಲ್ಪ ಅನುಮಾನಿಸಿದ್ದರೆಂದು ಮದುವೆಯಾಗಿ ಹತ್ತು ವರ್ಷದ ಮೇಲೆ ನನಗೆ ತಿಳಿಯಿತು. ಆದರೆ ಕೆಲಸಕ್ಕೆ ನಿಂತರೆ ಅದರ ಸಮಕ್ಕೆ ಬರುವ ಮೂಗು ನಮ್ಮ ಬಡಾವಣೆಯಲ್ಲಿಲ್ಲ. ಹಾಲು ತಳ ಹಿಡಿಯುವ ಮೊದಲೇ ಹಜಾರದಿಂದ ಕೂಗಿ ಎಚ್ಚರಿಸುತ್ತೇನೆ. ಬ್ಯಾಂಕಿನ ನೌಕರಿಯಲ್ಲಿದ್ದಾಗ, ಕ್ಯಾಷಿಯರು ತಂದಿಟ್ಟ ನೋಟಿನ ಕಟ್ಟು ಕಾಯಿಪಲ್ಲೆಯ ಮಂಡಿಯಿಂದ ಬಂದದ್ದೋ ಔಷಧದ ಅಂಗಡಿಯಿಂದ ಬಂದದ್ದೋ ಎಂದು ಕಣ್ಣುಮುಚ್ಚಿ ಹೇಳಿ ಸಹೋದ್ಯೋಗಿಗಳಿಂದ ಕಾಫಿ ಗೆದ್ದದ್ದುಂಟು. ಇಂಥ ಮೂಗಿಗೆ ತಕ್ಕ ಉದ್ಯೋಗ ಸಿಗದೆ ಅದು ಮೂವತ್ತು ವರ್ಷ ಲೆಡ್ಜರುಗಳ ಧೂಳನ್ನೇ ಮೂಸಿಕೊಂಡಿತ್ತು. ನಿವೃತ್ತಿಗೆ ಐದು ವರ್ಷ ಉಳಿದಿದ್ದಾಗ, 2012ರಲ್ಲಿ, ಅದಕ್ಕೆ ಕೊನೆಗೂ ಕೆಲಸ ಸಿಕ್ಕಿತು. ಅದು ಯಾವ ಕೆಲಸವೆಂದು ಹೇಳುವ ಮೊದಲು, ಮಡಿವಂತರಾದ ಓದುಗರು ಯಾರಾದರೂ ಇದ್ದರೆ ಪುಟ ಮಗುಚಿಬಿಡಲಿ ಎಂದು ಪ್ರಾರ್ಥಿಸುತ್ತೇನೆ. ನನ್ನ ಮೂಗಿಗೆ ಸಿಕ್ಕ ಕೆಲಸ ವಿಸ್ಕಿಯ ಪರೀಕ್ಷೆ.

ಅದನ್ನು ಕುಡಿತ ಎನ್ನಬೇಡಿ, ಆ ಶಬ್ದಕ್ಕೂ ನನಗೂ ಬಹಳ ದೂರ ಎಂದು ನಾನು ಬಹುಕಾಲ ವಾದಿಸುತ್ತಿದ್ದೆ. ಕುಡಿಯುವವನು ಲೋಟವನ್ನು ಬರಿದುಮಾಡಲು ಕೂರುತ್ತಾನೆ. ನಾವಾದರೋ ಅದನ್ನು ಓದಲು ಕೂರುತ್ತಿದ್ದೆವು. ನಾವೆಂದರೆ ಮೂವರು: ನಾನು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು, ನಾಲ್ಕು ದೇಶ ಸುತ್ತಿ ಬಂದ ಇಂಜಿನಿಯರೊಬ್ಬರು. ತಿಂಗಳಿಗೊಂದು ಶನಿವಾರ ಸಂಜೆ ನಮ್ಮ ಮನೆಯಲ್ಲಿ ಸಭೆ. ಮೊಗ್ಗಿನಂತೆ ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಗಾಜಿನ ಲೋಟಗಳು. ಒಂದೊಂದರಲ್ಲೂ ಕೆಮ್ಮಿನ ಔಷಧದ ಅಳತೆಯಷ್ಟು ದ್ರವ. ಮೊದಲು ಬಣ್ಣ ನೋಡುವುದು, ಆಮೇಲೆ ಮೂಸುವುದು, ಆಮೇಲೆ ನಾಲಗೆಯ ಮೇಲೆ ಒಂದು ಹನಿ ಬಿಟ್ಟುಕೊಂಡು ಸುಮ್ಮನಿರುವುದು, ಕಟ್ಟಕಡೆಗೆ ಚಮಚದಿಂದ ನಾಲ್ಕು ತೊಟ್ಟು ನೀರು. ನೀರು ಬಿದ್ದೊಡನೆ, ಮೊದಲ ಮಳೆಗೆ ನೆಲ ಕಮ್ಮಗಾಗುವಂತೆ, ಅಡಗಿದ್ದ ವಾಸನೆಗಳು ಒಂದೊಂದಾಗಿ ಎದ್ದು ಬರುತ್ತವೆ. ಇದನ್ನೆಲ್ಲ ಬರೆದಿಡಲು ಉದ್ದನೆಯ ರಟ್ಟಿನ ಪುಸ್ತಕವೊಂದನ್ನು ಮಾಡಿಕೊಂಡೆ. ತಾರೀಕು, ಹೆಸರು, ಬಣ್ಣ, ವಾಸನೆ, ರುಚಿ, ಷರಾ, ಹೀಗೆ ಆರು ಅಂಕಣ. ಬ್ಯಾಂಕಿನವನ ಕೈ, ಗೆರೆಗಳು ನೆಟ್ಟಗಿವೆ.

ಈ ವಿದ್ಯಾಭ್ಯಾಸದ ಶ್ರೀಕಾರ ಬಿದ್ದದ್ದು ಅಮೆರಿಕದಲ್ಲಿರುವ ಮಗಳು ತಂದುಕೊಟ್ಟ ಒಂದು ಬರ್ಬನ್ ಸೀಸೆಯಿಂದ. ಅಂಗಿ ತಂದರೆ ಅಪ್ಪ ಹಾಕಿಕೊಳ್ಳುವುದಿಲ್ಲ, ಗಡಿಯಾರ ತಂದರೆ ಕಟ್ಟಿಕೊಳ್ಳುವುದಿಲ್ಲ ಎಂದು ಬೇಸತ್ತು ಅವಳು ಆ ಸಲ ಇದನ್ನು ತಂದಿದ್ದಳು. ಬರ್ಬನ್ ಎಂದರೆ ಗೋವಿನಜೋಳದ ವಿಸ್ಕಿ. ಅದಕ್ಕೆ ಬಳಸುವ ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಗೋವಿನಜೋಳವಿರಬೇಕು. ಒಳಮೈಯನ್ನು ಬೆಂಕಿಯಲ್ಲಿ ಕರಿಕಾಗಿಸಿದ ಹೊಚ್ಚಹೊಸ ಓಕ್ ಮರದ ಪೀಪಾಯಿಯಲ್ಲಿ ಅದನ್ನು ಇಡಬೇಕು. ಪೀಪಾಯಿಗೆ ಹಾಕುವಾಗ ಅದರಲ್ಲಿ ಮದ್ಯಸಾರ ನೂರಕ್ಕೆ 62.5 ಪಾಲನ್ನು ಮೀರಬಾರದು. ಹೀಗೆಲ್ಲ ಅಲ್ಲಿಯ ಕಾನೂನು. 1964ರಲ್ಲಿ ಅಮೆರಿಕದ ಕಾಂಗ್ರೆಸ್ಸು ಬರ್ಬನ್ ತನ್ನ ದೇಶದ ವಿಶಿಷ್ಟ ಪದಾರ್ಥವೆಂದು ನಿರ್ಣಯವನ್ನೇ ಅಂಗೀಕರಿಸಿತು. ಜೋಳದ ರೊಟ್ಟಿಯ ವಿಷಯದಲ್ಲಿ ನಮ್ಮ ಪಾರ್ಲಿಮೆಂಟು ಇಷ್ಟು ಮುತುವರ್ಜಿ ತೋರಿಸಿದ್ದರೆ ಚೆನ್ನಾಗಿತ್ತು.

ಕರಿಕಾದ ಮರ ಆ ದ್ರವಕ್ಕೆ ಮಾಡುವ ಉಪಕಾರ ದೊಡ್ಡದು. ಕಾವಿಗೆ ಮರದೊಳಗಿನ ಸಕ್ಕರೆ ಪಾಕವಾಗುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಅಂಶವೇ ಒಡೆದು ವೆನಿಲ್ಲಾದ ಪರಿಮಳವಾಗುತ್ತದೆ. ಆದದ್ದರಿಂದ ಬರ್ಬನ್ನನ್ನು ಮೂಸಿದರೆ ಮೊದಲು ಬರುವುದು ಆಲೆಮನೆ: ಕೊಪ್ಪರಿಗೆಯಲ್ಲಿ ಕುದಿದು ತುಸು ಸೀದ ಬೆಲ್ಲ. ಅದರ ಹಿಂದೆ ಕೆಂಡದ ಮೇಲೆ ಸುಟ್ಟ ತೆನೆ. ಜೊತೆಗೆ ರೈ ಎಂಬ ಧಾನ್ಯ ಸೇರಿದ್ದರೆ ಲವಂಗ ಮೆಣಸುಗಳ ಚುರುಕು. ಮೇಕರ್ಸ್ ಮಾರ್ಕಿನವರ ಹಾಗೆ ರೈಗೆ ಬದಲಾಗಿ ಗೋಧಿ ಹಾಕಿದ್ದರೆ ಮೃದುವಾದ ಹಿಟ್ಟಿನ ಸಿಹಿ. ಮೊದಲ ದಿನವೇ ಅದು ನನಗೆ ನೆಂಟನಂತೆ ಕಂಡಿತು. ನಮ್ಮ ಕೊಪ್ಪಳದ ಸೀಮೆಯಲ್ಲಿ ಗೋವಿನಜೋಳಕ್ಕೇನೂ ಬರಗಾಲವಿಲ್ಲ.

ಇದಕ್ಕೆ ನೇರ ಎದುರಾಳಿ ಪೀಟ್ ಹೊಗೆಯ ವಿಸ್ಕಿ. ಸ್ಕಾಟ್ಲೆಂಡಿನ ಪಡುವಣ ಕರಾವಳಿಯಾಚೆ ಐಲಾ ಎಂಬ ದ್ವೀಪವಿದೆ. ಅಲ್ಲಿ ಪಾಚಿ ಪೊದೆ ಹುಲ್ಲುಗಳು ಜವುಗಿನಲ್ಲಿ ಬಿದ್ದು, ಪೂರ್ತಿ ಕೊಳೆಯಲಾರದೆ, ಪದರಪದರವಾಗಿ ಸಾವಿರಾರು ವರ್ಷ ಕೂಡಿಕೊಂಡಿವೆ. ಒಂದು ಮಿಲಿಮೀಟರಿನಷ್ಟು ದಪ್ಪ ಕೂಡಲು ಸುಮಾರು ಒಂದು ವರ್ಷ ಬೇಕು. ಆ ಹೆಂಟೆಯನ್ನು ಕಡಿದು ಒಣಗಿಸಿದರೆ ಅದೇ ಪೀಟ್, ಉರುವಲು. ಜವೆಗೋಧಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಆ ಮೊಳಕೆಯನ್ನು ಪೀಟ್ ಹೊಗೆಯ ಮೇಲೆ ಒಣಗಿಸುತ್ತಾರೆ. ಹೊಗೆಯಲ್ಲಿರುವ ಫೀನಾಲ್ ಎಂಬ ವರ್ಗದ ಪದಾರ್ಥಗಳು ಕಾಳಿಗೆ ಅಂಟಿಕೊಂಡು, ಭಟ್ಟಿಯ ಬೆಂಕಿಯನ್ನು ದಾಟಿ, ಪೀಪಾಯಿಯ ವರ್ಷಗಳನ್ನು ದಾಟಿ ಲೋಟದವರೆಗೂ ಬರುತ್ತವೆ. ಹತ್ತು ಲಕ್ಷ ಪಾಲಿನಲ್ಲಿ ಫೀನಾಲ್ ಎಷ್ಟು ಪಾಲು ಎಂಬುದು ಹೊಗೆಯ ಲೆಕ್ಕ. ಆರ್ಡ್‌ಬೆಗ್ಗಿನವರು ಬಳಸುವ ಕಾಳಿನಲ್ಲಿ ಅದು 55ರ ಸುಮಾರು. ಲಾಗವೂಲಿನ್ನಿನದರಲ್ಲಿ 35ರ ಸುಮಾರು. ಲಫ್ರಾಯ್ಗ್ ಎಂಬುದನ್ನು ಮೊದಲ ಸಲ ಮೂಸಿದಾಗ ನಮ್ಮ ಮೇಷ್ಟ್ರು ಮೂಗು ಹಿಂದೆಗೆದು, "ಇದನ್ನು ಕುಡಿಯಬೇಕೋ ಗಾಯಕ್ಕೆ ಹಚ್ಚಬೇಕೋ?" ಎಂದರು. ಹಾಗೆ ಕೇಳುವವರಲ್ಲಿ ಅವರು ಮೊದಲಿಗರಲ್ಲ, ಕೊನೆಯವರೂ ಅಲ್ಲ.

ನಮ್ಮ ಸಭೆಯಲ್ಲಿ ಹೀಗೆ ಎರಡು ಮತಗಳು ಹುಟ್ಟಿದವು. ಮೇಷ್ಟ್ರು ಬರ್ಬನ್ ಮತ. ಇಂಜಿನಿಯರು ಹೊಗೆಯ ಮತ. ಒಬ್ಬರದು ಬೆಲ್ಲ ಕೊಟ್ಟು ಮಾತನಾಡಿಸುವ ಅಜ್ಜಿ ಎಂದೂ, ಮತ್ತೊಬ್ಬರದು ಬೆತ್ತ ಹಿಡಿದು ಪಾಠ ಹೇಳುವ ಗುರು ಎಂದೂ ನಾನು ತೀರ್ಪು ಕೊಟ್ಟದ್ದುಂಟು. ಆದರೆ ಈ ದಾಯಾದಿಗಳು ಒಳಗೊಳಗೆ ನೆಂಟರೇ. ಬರ್ಬನ್ನಿಗೆ ಹೊಸ ಪೀಪಾಯಿಯೇ ಆಗಬೇಕಲ್ಲ? ಒಮ್ಮೆ ಬಳಸಿದ ಮೇಲೆ ಅದನ್ನು ಅವರು ಮಾರಿಬಿಡುತ್ತಾರೆ. ಅದನ್ನು ಕೊಳ್ಳುವವರು ಸ್ಕಾಟ್ಲೆಂಡಿನವರು. ಅಣ್ಣ ಹಾಕಿ ಬಿಟ್ಟ ಅಂಗಿಯನ್ನು ತಮ್ಮ ತೊಟ್ಟು ಮೆರೆಯುವ ಹಾಗೆ, ಹೊಗೆಯ ವಿಸ್ಕಿಯ ಒಳಗೆ ಹುಡುಕಿದರೆ ಬರ್ಬನ್ನಿನ ವೆನಿಲ್ಲಾ ಸಿಕ್ಕುತ್ತದೆ.

ಬೆಂಗಳೂರಿನವರಿಗೆ ಈ ವಿದ್ಯೆಗಾಗಿ ಸಮುದ್ರ ದಾಟಬೇಕಾಗಿಲ್ಲ. 1948ರಲ್ಲಿ ಜೆ. ಎನ್. ರಾಧಾಕೃಷ್ಣ ಜಗದಾಳೆಯವರು ಇಲ್ಲಿ ಆರಂಭಿಸಿದ ಅಮೃತ್ ಡಿಸ್ಟಿಲರೀಸ್, 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಗ್ಲಾಸ್ಗೋ ನಗರದಲ್ಲೇ ಮಾರಾಟಕ್ಕಿಟ್ಟಿತು. ಮೈಸೂರಿನವರಿಗೆ ಮೈಸೂರುಪಾಕು ಮಾರಲು ಹೋದಂತೆ ಎಂದು ನಕ್ಕವರೂ ಇದ್ದಿರಬೇಕು. ಆದರೆ ಅವರ ಫ್ಯೂಷನ್ ಎಂಬ ವಿಸ್ಕಿಗೆ ಜಿಮ್ ಮರೆ ಎಂಬ ಪ್ರಸಿದ್ಧ ಪರೀಕ್ಷಕ ತನ್ನ 2010ರ ಪುಸ್ತಕದಲ್ಲಿ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನಲ್ಲಿ ಮೂರನೆಯದೆಂದು ಬರೆದ ಮೇಲೆ ನಗು ನಿಂತಿತು. ಅದರಲ್ಲಿ ಮೂರು ಪಾಲು ನಮ್ಮ ದೇಶದ ಜವೆಗೋಧಿ, ಒಂದು ಪಾಲು ಸ್ಕಾಟ್ಲೆಂಡಿನಿಂದ ತರಿಸಿದ ಹೊಗೆಯ ಜವೆಗೋಧಿ. ಇಲ್ಲಿಯ ಹವೆಯಲ್ಲಿ ವಿಸ್ಕಿ ಬೇಗ ಬಲಿಯುತ್ತದೆ, ಬೇಗ ಆರಿಯೂ ಹೋಗುತ್ತದೆ. ಪೀಪಾಯಿಯಿಂದ ಹಾಗೆ ಆವಿಯಾಗಿ ಹೋಗುವ ಭಾಗಕ್ಕೆ ಆ ಕಸಬಿನವರು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನ ದೇವತೆಗಳು ವರ್ಷಕ್ಕೆ ನೂರಕ್ಕೆ ಎರಡು ಪಾಲಿಗೆ ತೃಪ್ತರಾದರೆ, ಬೆಂಗಳೂರಿನ ದೇವತೆಗಳಿಗೆ ಹತ್ತು ಹನ್ನೆರಡು ಬೇಕು. ಐದು ವರ್ಷ ಇಟ್ಟರೆ ನೂರು ಲೀಟರಿನಲ್ಲಿ ನಮಗೆ ಉಳಿಯುವುದು ಐವತ್ತೈದರ ಆಸುಪಾಸು.

ಇಷ್ಟೆಲ್ಲ ಕಲಿತರೂ ಒಂದು ವಿಷಯದಲ್ಲಿ ನನ್ನ ಮೂಗು ಸೋತಿತ್ತು. ಹೊಗೆಯ ವಿಸ್ಕಿ ಬಂದಾಗಲೆಲ್ಲ ನಾನು ವಾಸನೆಯ ಅಂಕಣದಲ್ಲಿ ‘ಅಯೊಡೀನ್, ಸಮುದ್ರದ ಪಾಚಿ, ತೊಯ್ದ ಹಗ್ಗ’ ಎಂದು ಇಂಗ್ಲಿಷ್ ಪುಸ್ತಕಗಳಿಂದ ಎತ್ತಿ ಬರೆಯುತ್ತಿದ್ದೆ. ಐಲಾದ ಸಮುದ್ರವನ್ನು ನಾನು ಕಂಡವನಲ್ಲ. ಇವುಗಳ ಹಿಂದೆ ಇನ್ನೊಂದು ವಾಸನೆ ಇತ್ತು. ಅದು ನನಗೆ ಬಹಳ ಗುರುತಿನದು. ಹೆಸರು ಮಾತ್ರ ಬಾಯಿಗೆ ಬಾರದು. ಲೋಟ ಬರಿದಾಗಿ ಮರುದಿನ ಬೆಳಿಗ್ಗೆ ಮೂಸಿದರೆ ಅದು ಇನ್ನೂ ನಿಚ್ಚಳ. ಅದಕ್ಕಾಗಿಯೇ ನಾನು ಲೋಟಗಳನ್ನು ತೊಳೆಯಿಸದೆ, ತಟ್ಟೆ ಮುಚ್ಚಿ, ಅಡಿಗೆಮನೆಯ ಹಲಗೆಯ ಮೇಲೆ ಇಡುತ್ತಿದ್ದೆ. ಪುಸ್ತಕದಲ್ಲಿ ಅದಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಜಾಗ ಬಿಡುತ್ತಿದ್ದೆ. ಆ ಚಿಹ್ನೆ ಏಳು ವರ್ಷ ಹಾಗೆಯೇ ನಿಂತಿತ್ತು.

ಇಲ್ಲಿ ನನ್ನ ಊರಿನ ಮಾತು ಬರಬೇಕು. ನಾನು ಹುಟ್ಟಿದ್ದು ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದಲ್ಲಿ. ಹೆಸರಿನ ನಡುವೆ ಕಲ್ಲು, ತುದಿಗೆ ಗಡ. ಊರಿನ ಸ್ವಭಾವವೂ ಹಾಗೆಯೇ. 1948ರವರೆಗೆ ನಿಜಾಮರ ಆಳಿಕೆ, 1956ರವರೆಗೆ ಹೈದರಾಬಾದ್ ರಾಜ್ಯ, ಆಮೇಲೆ 1997ರವರೆಗೆ ರಾಯಚೂರು ಜಿಲ್ಲೆ. ಸರ್ಕಾರಗಳು ಬದಲಾದರೂ ಹೊಲದ ಸಜ್ಜೆ ಜೋಳಗಳು ಬದಲಾಗಲಿಲ್ಲ. ಸೆರೆಯ ಅಂಗಡಿಯೂ ಬದಲಾಗಲಿಲ್ಲ. ನಮ್ಮ ತಂದೆಗೆ ಒಬ್ಬ ತಮ್ಮ, ನನ್ನ ಕಾಕಾ. ಪಾಲಾದಾಗ ಅವನಿಗೆ ಬಂದದ್ದು ಏಳು ಎಕರೆ. ಎತ್ತುಗಳ ಲಕ್ಷಣ ಬಲ್ಲವನು. ಕಂಕುಳಲ್ಲಿ ನನ್ನನ್ನು ಇರುಕಿಕೊಂಡು ಸಂತೆ ತೋರಿಸಿದವನು. ನಾನು ಓದಲು ಕೊಪ್ಪಳಕ್ಕೆ, ಅಲ್ಲಿಂದ ಧಾರವಾಡಕ್ಕೆ ಹೋದೆ. ಅವನು ಸೆರೆಯ ಅಂಗಡಿಗೆ ಹೋಗಲು ಆರಂಭಿಸಿದ. ಆಮೇಲೆ ಪಾಕೀಟಿನ ಸಾರಾಯಿ ಬಂತು: ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ನೀರು ಬೆರೆಸಿ ಪ್ಲಾಸ್ಟಿಕ್ಕಿನಲ್ಲಿ ತುಂಬಿದ್ದು. ಹಲ್ಲಿನಿಂದ ಮೂಲೆ ಕಚ್ಚಿ ಹರಿದು ನಿಂತ ನಿಲುವಿನಲ್ಲೇ ಮುಗಿಸಬಹುದು. ಹತ್ತು ಹನ್ನೆರಡು ವರ್ಷಗಳಲ್ಲಿ ಏಳು ಎಕರೆ ಪೀಪಾಯಿಯ ದ್ರವದಂತೆಯೇ ಆರಿಹೋಯಿತು. ಆದರೆ ಆ ಪಾಲನ್ನು ತೆಗೆದುಕೊಂಡವರು ದೇವತೆಗಳಲ್ಲ.

ಒಂದು ಸಲ ಬೇಸಗೆಯ ರಜೆಯಲ್ಲಿ ಹೆಂಡತಿ ಮಗಳೊಡನೆ ಊರಿಗೆ ಹೋದೆ. ಬಾಡಿಗೆಯ ಕಾರು ಅಗಸಿಯ ಹತ್ತಿರ ಬಂದಾಗ ಅಲ್ಲಿ ಕಟ್ಟೆಯ ಕೆಳಗೆ ಕಾಕಾ ಬಿದ್ದಿದ್ದ. ಅಂಗಿ ಬಿಚ್ಚಿಹೋಗಿತ್ತು, ಬಾಯ ಮೇಲೆ ನೊಣ. ಮಗಳು, "ಅಪ್ಪಾ, ಅದು ಯಾರು?" ಎಂದು ಕೇಳಿದಳು. ನಾನು ಡ್ರೈವರನಿಗೆ, "ಹಿಂದಿನ ದಾರಿಯಿಂದ ಹೋಗು" ಎಂದೆ. ಅವಳ ಪ್ರಶ್ನೆಗೆ ಉತ್ತರ ಹೇಳಲಿಲ್ಲ. 1999ರಲ್ಲಿ ಕಾಕಾ ತೀರಿಕೊಂಡ. ಸರ್ಕಾರ ಸಾರಾಯಿಯನ್ನು ನಿಷೇಧಿಸಿದ್ದು 2007ರ ಜುಲೈ 1ರಿಂದ. ಅಷ್ಟು ಹೊತ್ತಿಗೆ ಅವನು ಹೋಗಿ ಎಂಟು ವರ್ಷವಾಗಿತ್ತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ಬೇರೆ ಬೇರೆ ಹೆಸರಿನ ಸಣ್ಣ ಸೀಸೆ, ಸಣ್ಣ ಪೊಟ್ಟಣಗಳು ಬಂದವು.

2019ರ ಜನವರಿಯಲ್ಲಿ ಮದ್ಯ ನಿಷೇಧವಾಗಬೇಕೆಂದು ಒತ್ತಾಯಿಸಿ ನಮ್ಮ ಕಡೆಯ ಜಿಲ್ಲೆಗಳ ಹೆಂಗಸರು ಸಹಸ್ರ ಸಂಖ್ಯೆಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದದ್ದು ಓದುಗರಿಗೆ ನೆನಪಿರಬಹುದು. 19ನೆಯ ತಾರೀಕು ಹೊರಟವರು 30ನೆಯ ತಾರೀಕು, ಗಾಂಧೀಜಿ ಹುತಾತ್ಮರಾದ ದಿನ, ನಗರವನ್ನು ಮುಟ್ಟಿದರು. ಸುಮಾರು 200 ಕಿಲೋಮೀಟರಿನ ದಾರಿ. ನಾನು ಅದನ್ನು ಪತ್ರಿಕೆಯಲ್ಲಿ ಓದಿ, "ಪಾಪ" ಎಂದು ಪುಟ ತಿರುಗಿಸಿದ್ದೆ. 29ರ ರಾತ್ರಿ ಎರಡು ಲೋಟ ಇಟ್ಟುಕೊಂಡು ಒಬ್ಬನೇ ಹೋಲಿಕೆ ಮಾಡುತ್ತ ಕೂತಿದ್ದಾಗ ಟೆಲಿಫೋನು ಬಂತು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಆ ಗುಂಪಿನಲ್ಲಿದ್ದಳು. "ತಮ್ಮಾ, ನಾಳೆ ನಿಮ್ಮೂರಿಗೆ ಬರತೇವಿ. ಸಭಾ ಮುಗಿದ ಮ್ಯಾಗ ಒಂದು ರಾತ್ರಿ ನಿಮ್ಮ ಮನ್ಯಾಗ ಮಲಗತೀನಿ" ಎಂದಳು. ಅರವತ್ತೆಂಟು ವರ್ಷದ ಮುದುಕಿ.

ಮರುದಿನ ಹೋಗಿ ಕರೆತಂದೆ. ಹೋಗುವ ಮೊದಲು ಸೀಸೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ನನ್ನ ಹೆಂಡತಿ ಬಿಸಿನೀರಿಗೆ ಉಪ್ಪು ಹಾಕಿ ಚಿಗವ್ವನ ಪಾದಗಳನ್ನು ಅದರಲ್ಲಿಡಿಸಿದಳು. ಬೊಕ್ಕೆಗಳು ಎದ್ದು ಒಡೆದಿದ್ದವು. ದಾರಿಯ ಕಥೆಯನ್ನು ಚಿಗವ್ವ ನಗುನಗುತ್ತಲೇ ಹೇಳಿದಳು. ಮದ್ಯ ನಿಷೇಧ ಸಾಧ್ಯವೇ, ಸಾಧುವೇ ಎಂದು ನನಗೆ ಗೊತ್ತಿದ್ದ ವಾದಗಳಲ್ಲಿ ಒಂದನ್ನೂ ಆ ಪಾದಗಳ ಎದುರು ನಾನು ಎತ್ತಲಿಲ್ಲ.

ಬೆಳಿಗ್ಗೆ ಐದಕ್ಕೇ ಪಾತ್ರೆಯ ಸದ್ದಾಯಿತು. ಬೇಡವೆಂದರೂ ಕೇಳದೆ ಚಿಗವ್ವ ಮುಸುರೆ ತೊಳೆಯುತ್ತಿದ್ದಳು. ಹಲಗೆಯ ಮೇಲೆ ತಟ್ಟೆ ಮುಚ್ಚಿದ್ದ ಎರಡು ಲೋಟಗಳನ್ನು ನಾನು ಮರೆತೇಬಿಟ್ಟಿದ್ದೆ. ಅಡಿಗೆಮನೆಯ ಬಾಗಿಲಿಗೆ ಬಂದಾಗ ಅವುಗಳಲ್ಲಿ ಒಂದು ಅವಳ ಕೈಯಲ್ಲಿತ್ತು. ಮೂಗಿನ ಹತ್ತಿರ ಹಿಡಿದು ನಿಂತಿದ್ದಳು.

"ತಮ್ಮಾ, ನಿಮ್ಮ ಓಣ್ಯಾಗ ಯಾರು ಕುಳ್ಳಿನ ಒಲಿ ಹಚ್ಚತಾರ?"

"ಯಾರೂ ಇಲ್ಲ ಚಿಗವ್ವಾ. ಎಲ್ಲಾರ ಮನ್ಯಾಗೂ ಗ್ಯಾಸು."

"ಮತ್ತ ಈ ಗಿಲಾಸಿನ್ಯಾಗ ಹೆಂಗ ಬಂತು? ಮಳಿಗಾಲದಾಗ ತೊಯ್ದ ಕುಳ್ಳು ಉರಿಯಲಾರದ ಹೊಗಿ ಆಡತೈತಲ್ಲ, ಆ ವಾಸನಿ. ನಮ್ಮ ಹಳೀ ಮನಿ ವಾಸನಿ."

ನಾನು ಲೋಟವನ್ನು ಇಸುಕೊಂಡು ಮೂಸಿದೆ. ಏಳು ವರ್ಷದ ಪ್ರಶ್ನಾರ್ಥಕ ಚಿಹ್ನೆ ಅಲ್ಲಿಯೇ ಬಿದ್ದುಹೋಯಿತು. ಇರಕಲ್ಲಗಡದ ಮನೆ, ಶ್ರಾವಣದ ಜಿಟಿಜಿಟಿ, ಬೆಳಕಿಂಡಿಯಿಂದ ಹೊರಹೋಗಲು ತಿಣುಕುವ ಹೊಗೆ, ಅದರ ನಡುವೆ ರೊಟ್ಟಿ ಬಡಿಯುವ ಸದ್ದು. ಯೋಚಿಸಿದರೆ ಆಶ್ಚರ್ಯವೂ ಇಲ್ಲ. ಪೀಟ್ ಎಂದರೆ ಅರ್ಧ ಕೊಳೆತ ಹುಲ್ಲು. ಕುಳ್ಳು ಎಂದರೆ ಅರ್ಧ ಅರಗಿದ ಹುಲ್ಲು. ಎರಡೂ ಬಡವರ ಉರುವಲೇ.

ಅವಳು ಅಷ್ಟರಲ್ಲಿ ಎರಡನೆಯ ಲೋಟವನ್ನು ಮೂಸಿದ್ದಳು. "ಇದರಾಗ ಬೆಲ್ಲ ಸೀದೈತಿ. ಸುಟ್ಟ ತೆನಿ" ಎಂದಳು. ಅದು ಬರ್ಬನ್ ಲೋಟ. ಮೇಷ್ಟ್ರು ಮತ್ತು ನಾನು ಸೇರಿ ಮೂರು ಸಂಜೆ ತಲೆ ಕೆಡಿಸಿಕೊಂಡು ಬರೆದದ್ದನ್ನು ಈಕೆ ಒಂದು ಉಸಿರಿನಲ್ಲಿ ಓದಿಬಿಟ್ಟಿದ್ದಳು. ಮರುಕ್ಷಣ ಅವಳ ಮುಖ ಬದಲಾಯಿತು. "ಇದು ಸೆರೆ ಅಲ್ಲೇನೋ?"

"ಇದು ಹಂಗಲ್ಲ ಬೇ ಚಿಗವ್ವಾ," ಎಂದು ನಾನು ಆರಂಭಿಸಿದೆ. ರುಚಿ, ವಾಸನೆ, ದೇಶಾಂತರ, ತಿಂಗಳಿಗೊಮ್ಮೆ, ಕೆಮ್ಮಿನ ಔಷಧದಷ್ಟು ಎಂದೆಲ್ಲ ಹೇಳಿದೆ. ಅವಳು ಕೈ ತೊಳೆದುಕೊಂಡು ಸೆರಗಿಗೆ ಒರೆಸಿಕೊಂಡಳು.

"ಕಿಮ್ಮತ್ತು ಎಷ್ಟು?"

ಹೊಗೆಯದರ ಬೆಲೆಯಲ್ಲಿ ಅರ್ಧ ಮಾತ್ರ ಹೇಳಿದೆ. ಅವಳು ಬೆರಳಲ್ಲಿ ಎಣಿಸಿ, "ಹದಿನೈದು ದಿನದ ಖಾತ್ರಿ ಕೂಲಿ" ಎಂದಳು. ತುಸು ಹೊತ್ತು ಬಿಟ್ಟು, "ಆ ಹೊಗಿಗೆ ನನ್ನ ಕಣ್ಣು ಹೋದುವು. ನೀ ಅದಕ್ಕ ರೊಕ್ಕ ಕೊಟ್ಟು ತರತೀ" ಎಂದು ನಕ್ಕಳು. ನಗುವಿನಲ್ಲಿ ಕೊಂಕಿರಲಿಲ್ಲ. ನಿಜವಾಗಿ ಅವಳಿಗೆ ಅದು ತಮಾಷೆಯಾಗಿಯೇ ಕಂಡಿತ್ತು.

ಆಮೇಲೆ ಅವಳು ಹೇಳಿದ ಮಾತಿಗೆ ನಾನು ಸಿದ್ಧನಾಗಿರಲಿಲ್ಲ. "ನಿಮ್ಮ ಕಾಕಾಗೂ ಹಿಂಗ ಗೊತ್ತಾಗತಿತ್ತು. ಪಾಕೀಟು ಹರಿದು ಮೂಸಿದರ ಸಾಕು, ಇದು ಯಾವ ಅಂಗಡಿದು, ಎಷ್ಟು ನೀರು ಹಾಕ್ಯಾರ ಅಂತ ಹೇಳತಿದ್ದ. ಮಂದಿ ಅವನ ಕಡೆ ತಂದು ತೋರಸತಿದ್ದರು. ನಿಮ್ಮ ಮನಿತನದ ಮೂಗು ಅದು."

ಅಗಸಿಯ ಕಟ್ಟೆಯ ಕೆಳಗೆ ಬಿದ್ದಿದ್ದವನಿಗೆ ಮೂಗಿತ್ತು ಎಂದು ನಾನು ಎಂದೂ ಯೋಚಿಸಿರಲಿಲ್ಲ. ನಾನು ರಸಿಕ, ಅವನು ಕುಡುಕ. ಇಬ್ಬರ ನಡುವೆ ಗೋಡೆ ಇದೆ ಎಂದು ನಂಬಿದ್ದೆ. ನನ್ನ ಸೀಸೆ ಬೀರುವಿನಲ್ಲಿರುತ್ತದೆ, ನನ್ನ ಲೋಟಕ್ಕೆ ಕಾಲಿರುತ್ತದೆ, ತಿಂಗಳ ಮೊದಲ ತಾರೀಕು ಪಿಂಚಣಿ ಬರುತ್ತದೆ, ಜಾರಿ ಬಿದ್ದರೆ ಹಿಡಿಯಲು ಮೆತ್ತನೆಯ ಸೋಫಾ ಇದೆ. ಗೋಡೆ ಇದ್ದದ್ದು ಇಷ್ಟೇ ಇಟ್ಟಿಗೆಯದು. ಅವನಿಗೆ ಪರೀಕ್ಷಿಸಲು ಸಿಕ್ಕಿದ್ದು ಕಾಕಂಬಿಯ ನೀರು. ಅದನ್ನೂ ಅವನು ಓದಿದ್ದ, ಬರೆದಿಡಲಿಲ್ಲ ಅಷ್ಟೆ.

ಬರೆದಿಟ್ಟದ್ದರ ಮಾತು ಬಂದೇ ಬಂತು. ನನ್ನ ಶಿಸ್ತನ್ನು ಸಾಬೀತು ಮಾಡಲು ನಾನೇ ಪುಸ್ತಕವನ್ನು ತಂದು ತೋರಿಸಿದೆ. "ನೋಡು ಬೇ, ಪ್ರತಿಯೊಂದಕ್ಕೂ ಲೆಕ್ಕ ಐತಿ." ಚಿಗವ್ವನಿಗೆ ಓದು ಬರುವುದಿಲ್ಲ. ಅವಳು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ಮಗುಚಿದಳು. ಬರೆದ ಭಾಗವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ದಪ್ಪ ನೋಡಿದಳು.

"ಬಾಳ ಹಾಳಿ ತುಂಬ್ಯಾವಲ್ಲೋ ತಮ್ಮಾ," ಎಂದಳು. ಬೇರೇನೂ ಹೇಳಲಿಲ್ಲ.

ಮಧ್ಯಾಹ್ನ ಅವಳನ್ನು ರೈಲು ಹತ್ತಿಸಿ ಬಂದು ಪುಸ್ತಕ ತೆಗೆದು ಕೂತೆ. ಮೂವತ್ತು ವರ್ಷ ಪರರ ಖಾತೆ ತಪಾಸಣೆ ಮಾಡಿದವನು ಅಂದು ಮೊದಲ ಸಲ ನನ್ನದನ್ನು ಮಾಡಿದೆ. ತಾರೀಕುಗಳನ್ನು ಎಣಿಸಿದೆ. 2012ರಲ್ಲಿ 13 ದಿನ. 2014ರಲ್ಲಿ 31. 2016ರಲ್ಲಿ 58. ನಿವೃತ್ತನಾದ ಮೇಲಿನ ವರ್ಷ, 2018ರಲ್ಲಿ, 127. ಸಭೆ ಮಾತ್ರ ತಿಂಗಳಿಗೊಂದೇ. ಉಳಿದವುಗಳ ಎದುರು ಷರಾ ಅಂಕಣದಲ್ಲಿ ‘ಪುನಃ ಪರೀಕ್ಷೆ’, ‘ಹೋಲಿಕೆಗಾಗಿ’, ‘ಹಿಂದಿನ ಅಭಿಪ್ರಾಯವನ್ನು ದೃಢಪಡಿಸಲು’ ಎಂದಿತ್ತು. ಇಂಥ ಷರಾ ಬರೆದ ಗುಮಾಸ್ತನನ್ನು ಬ್ಯಾಂಕಿನಲ್ಲಿ ನಾನು ಕರೆದು ವಿಚಾರಿಸದೆ ಬಿಡುತ್ತಿರಲಿಲ್ಲ. ಲೆಕ್ಕವನ್ನು ಹೆಂಡತಿಗೆ ತೋರಿಸಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ, ಅದೇ ನನಗೆ ಆಶ್ಚರ್ಯ. "ನೀವಾಗಿ ಎಣಿಸಲಿ ಎಂದಿದ್ದೆ" ಎಂದಳು.

ನಾನು ಬಿಟ್ಟುಬಿಟ್ಟೆನೆಂದು ಬರೆದರೆ ಲೇಖನಕ್ಕೆ ಒಳ್ಳೆಯ ಮುಕ್ತಾಯವಾಗುತ್ತದೆ; ಆದರೆ ಸುಳ್ಳಾಗುತ್ತದೆ. ತಿಂಗಳಿಗೊಂದು ಶನಿವಾರ ಮೇಷ್ಟ್ರೂ ಇಂಜಿನಿಯರೂ ಈಗಲೂ ಬರುತ್ತಾರೆ. ಅದೇ ಜಗಳ, ಅದೇ ಚಮಚದ ನೀರು. ಒಬ್ಬನೇ ಕೂರುವುದು ನಿಂತಿದೆ. ಮೊದಲ ಆರು ತಿಂಗಳು ಸುಲಭವಾಗಿರಲಿಲ್ಲ. ಸಂಜೆ ಏಳಾದರೆ ಕಾಲು ತಾನಾಗಿ ಬೀರುವಿನ ಕಡೆ ತಿರುಗುತ್ತಿತ್ತು. ಅಂಥ ಹೊತ್ತಿನಲ್ಲಿ ನಾನು ರಸಿಕನಾಗಿಯೇ ಉಳಿದಿದ್ದೇನೆಂದು ಹೇಳಿಕೊಳ್ಳಲು ನನಗೆ ಧೈರ್ಯ ಬರುತ್ತಿರಲಿಲ್ಲ. ಪುಸ್ತಕಕ್ಕೆ ಏಳನೆಯ ಅಂಕಣವೊಂದನ್ನು ಹಾಕಿದೆ: ‘ಈ ವರ್ಷ ಎಷ್ಟನೆಯದು.’ ಹಿಂದೆ ಬಿಟ್ಟಿದ್ದ ಖಾಲಿ ಜಾಗಗಳನ್ನೆಲ್ಲ ಹುಡುಕಿ, ಅಯೊಡೀನು ಪಾಚಿಗಳನ್ನು ಹೊಡೆದುಹಾಕಿ, ‘ತೊಯ್ದ ಕುಳ್ಳು, ನಮ್ಮ ಒಲೆ’ ಎಂದು ತುಂಬಿದೆ. ಮಗಳು ಆ ವರ್ಷ ಬಂದಾಗ ಅಗಸಿಯ ಕಟ್ಟೆಯ ಕೆಳಗಿದ್ದವರು ಯಾರೆಂಬುದನ್ನೂ ಹೇಳಿದೆ. ಅವಳಿಗೆ ಆ ಪ್ರಶ್ನೆ ಮರೆತೇಹೋಗಿತ್ತು. ಉತ್ತರವನ್ನು ಮಾತ್ರ ಬಹಳ ಹೊತ್ತು ಕೇಳಿದಳು.

ಆಮೇಲೊಮ್ಮೆ ಜಾತ್ರೆಗೆಂದು ಊರಿಗೆ ಹೋಗಿದ್ದೆ. ಚಿಗವ್ವನ ಮನೆಗೂ ಗ್ಯಾಸು ಬಂದಿದೆ. ಒಲೆಯ ಜಾಗಕ್ಕೆ ಸಾರಣೆ ಮಾಡಿ ಅಲ್ಲಿ ನೀರಿನ ಕೊಡ ಇಟ್ಟಿದ್ದಾಳೆ. ಮನೆಯಲ್ಲಿ ಹೊಗೆಯಿಲ್ಲ, ಗೋಡೆಗೆ ಹೊಸ ಸುಣ್ಣ. ನಾನು ಸುಮ್ಮನೆ ಉಸಿರೆಳೆದು ನೋಡಿದೆ. ಅವಳಿಗೆ ಅದು ಕಂಡಿತು. "ಏನು ಹುಡುಕತೀ? ಹೋತು ಅದು. ನಿನ್ನ ಗಿಲಾಸಿನ್ಯಾಗ ಇದ್ದದ್ದೇ ಕಡೀದು" ಎಂದಳು. ರೊಟ್ಟಿ ಹಾಕಿದಳು, ಶೇಂಗಾ ಚಟ್ನಿ ಹಾಕಿದಳು, ಎದುರಿಗೆ ಕೂತು ಕೇಳಿದಳು: "ಪುಸ್ತಕ ತಂದೀಯೇನು?"

ತಂದಿದ್ದೆ. ಅವಳು ಕೈ ಒರೆಸಿಕೊಂಡು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಯಾವ ವರ್ಷ ಎಲ್ಲಿಂದ ಆರಂಭವಾಗುತ್ತದೆಂದು ನಾನು ಬೆರಳಿಟ್ಟು ತೋರಿಸಿದೆ. ಆ ವರ್ಷದ ಹಾಳೆಗಳನ್ನು ಎರಡು ಬೆರಳಿನ ನಡುವೆ ಹಿಡಿದು, ಕಣ್ಣು ಕಿರಿದುಮಾಡಿ ನೋಡಿ, "ತೆಳ್ಳಗಾಗೈತಿ" ಎಂದಳು. ಇನ್ನೊಂದು ರೊಟ್ಟಿಗೆ ಎದ್ದಳು.